ನಿಂಬೆವ್ವನ ಇಪ್ಪತ್ತು ಬೈಠಕ್

ಯಡ್ರಾಮಿ ಹತ್ತಿರದ ಊರೊಂದರಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಹಾಕುತ್ತಿದ್ದವಳು ನಿಂಬೆವ್ವ. ಗಂಡ ಮಾಳಿಂಗಪ್ಪ ತಾಲೀಮಿನ ಪೈಲ್ವಾನ. ಬೆವರು ಬಾರದೆ ಉಂಡದ್ದು ಮೈಗೆ ಹತ್ತುವುದಿಲ್ಲವೆಂದು ಅವನೇ ಕಟ್ಟಳೆ ಹಾಕಿದ್ದ. ಕೂತು ಎದ್ದು ಇಪ್ಪತ್ತು ಬೈಠಕ್ ಹೊಡೆದವರಿಗೆ ಮಾತ್ರ ತಾಟು. ಎಂಬತ್ತಮೂರನೆಯ ಇಸವಿಯ ದಸರೆಯ ಮುಂದೆ ಅವನು ಸತ್ತ. ಬೈಠಕ್ ಎಣಿಸುವ ಕೆಲಸವೂ ನಿಂಬೆವ್ವನಿಗೇ ಬಂತು.

ಉಪ್ಪಿಟ್ಟು ನಡೆಸಬೇಕೋ ನಿಲ್ಲಿಸಬೇಕೋ ಎಂದು ನೋಡಲು ಒಂದು ಸಂಜೆ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ದೊಡ್ಡ ಹೊಟ್ಟೆಯ ಮನುಷ್ಯ. ಒಗ್ಗರಣೆಯ ವಾಸನೆಗೆ ಸೀದಾ ಮಕ್ಕಳ ಸಾಲಿನಲ್ಲಿ ಕೂತು ತಾಟು ಚಾಚಿದರು.

"ಬೈಠಕ್ ಹೊಡದೀರೇನ್ರಿ?" ಎಂದಳು ನಿಂಬೆವ್ವ.

ಹೆಡ್‌ಮಾಸ್ತರ ಗುರುರಾಜರು ಓಡಿ ಬಂದರು. "ಅವರು ಸಾಹೇಬ್ರು ಬೇ! ಉಪ್ಪಿಟ್ಟು ಬಂದ್ ಮಾಡಿಸ್ತೀಯೇನು?"

"ಸಾಹೇಬ್ರಿಗೆ ಬ್ಯಾರೆ ಹೊಟ್ಟಿ ಐತೇನ್ರಿ? ನಮ್ಮವ್ರು ಇದ್ದಿದ್ರ ನಲವತ್ತು ಹೊಡಸ್ತಿದ್ರು."

ಮಕ್ಕಳು ಕಿಸಕ್ಕನೆ ನಕ್ಕರು. ಸಾಹೇಬರು ಎದ್ದು ಪ್ಯಾಂಟು ಮೇಲೆಳೆದುಕೊಂಡು ಶುರುಮಾಡಿದರು. ಮಕ್ಕಳೆಲ್ಲ ಕೂಗಿ ಎಣಿಸಿದರು. ಒಂಬತ್ತಕ್ಕೆ ಪ್ಯಾಂಟಿನ ಹೊಲಿಗೆ ಬಿಟ್ಟಿತು. ಹದಿನಾಲ್ಕಕ್ಕೆ ಕೂತವರು ಏಳಲಿಲ್ಲ.

"ಇನ್ನಾ ಆರು ಅದಾವ್ರಿ."

"ನಾಳಿ ಹೊಡೀತೇನಿ ಬೇ ಯವ್ವಾ. ಈಗ ಹಾಕು, ಸಾಯಾಕತ್ತೇನಿ."

ನಿಂಬೆವ್ವ ಅರ್ಧ ತಾಟು ಹಾಕಿದಳು. ಸಾಹೇಬರು ಬಳಿದು ತಿಂದು, ಕೂತಲ್ಲಿಯೇ ವರದಿ ಬರೆದರು: ಉಪ್ಪಿಟ್ಟು ನಡೆಯಲಿ, ಬೈಠಕ್ಕೂ ನಡೆಯಲಿ, ತಪಾಸಣೆಗೆ ಬಂದವರಿಗೆ ಮಾತ್ರ ಮಾಫಿ ಇರಲಿ.

ಅವರು ಹೋದ ಮೇಲೆ ಗುರುರಾಜ ಮಾಸ್ತರರು ಅದನ್ನು ಓದಿ ಹೇಳಿದರು. ನಿಂಬೆವ್ವ ಪಾತ್ರೆ ತಿಕ್ಕುತ್ತಿದ್ದಳು.

"ಕಡೀ ಮಾತೊಂದು ಕಾಟು ಹೊಡೀರಿ ಸರ," ಎಂದಳು. "ನಮ್ಮವ್ರಿಗೆ ಸೇರಂಗಿಲ್ಲ."