ಭೋಗಿಯ ಬೆಂಕಿಗೆ ಬಿದ್ದ ಗೂಳಿ

ನಮ್ಮ ಧಾರವಾಡದ ಕಡೆ ಭೋಗಿ ಅಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ತರಕಾರಿ ಬೆರೆಸಿದ ಪಲ್ಯ. ಚೆನ್ನೈನಲ್ಲಿ ಅದು ಬೆಂಕಿಯ ದಿನ. ಬೆಳಕು ಹರಿಯುವ ಮೊದಲೇ ಹಳೇ ಚಾಪೆ, ಮುರಿದ ಕುರ್ಚಿ ಎಲ್ಲ ಬೀದಿಗೆ ಬಂದು ಉರಿಯುತ್ತವೆ. ಅಷ್ಟು ವರ್ಷ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿದ್ದು, ಆಗಷ್ಟೇ ಅಡ್ಯಾರಿನ ಈ ಬೀದಿಗೆ ಬಂದ ನನಗೆ ಬೀದಿಯ ರೀತಿ ಏನು ಗೊತ್ತು?

ಹಿಂದಿನ ಸಂಜೆ, ಒಳಗೆ ಜಾಗ ಸಾಲದೆ, ಮಗಳ ಗೂಳಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಇಬ್ಬನಿ ತಾಗದಿರಲೆಂದು ಹರಕು ಚಾಪೆ ಹೊದಿಸಿದ್ದೆ. ಗುಜರಿಯಿಂದ ಕಟ್ಟಿದ ಗೂಳಿ ಅದು: ಎಣ್ಣೆ ಡಬ್ಬದ ಹೊಟ್ಟೆ, ಸ್ಕೂಟರ್ ಹ್ಯಾಂಡಲಿನ ಕೊಂಬು, ಕಾಸಿಮೇಡಿನ ಮೀನು ಬಂದರಿನಿಂದ ತಂದ ಮೀನಿನ ಪೆಟ್ಟಿಗೆಯ ಹಲಗೆಯ ಕಾಲು. ಸೈಕಲ್ ಪೆಡಲು ತಿರುಗಿಸಿದರೆ ತಲೆ ಎತ್ತಿ ಗುದ್ದುತ್ತಿತ್ತು. ಜ್ವರ ಬಂದು ಅವಳ ಅರ್ಧವಾರ್ಷಿಕ ಪರೀಕ್ಷೆ ತಪ್ಪಿಹೋಗಿತ್ತು. ಗೂಳಿ ಮಾಡಿ ಅದನ್ನು ತಮಿಳಿನಲ್ಲಿ ವಿವರಿಸಿದರೆ ಸಾಕು, ವಿಜ್ಞಾನ, ತಮಿಳು, ಚಿತ್ರಕಲೆ ಮೂರಕ್ಕೂ ಇದೇ ಪರೀಕ್ಷೆ ಎಂದಿದ್ದರು ಶಾಲೆಯವರು. ಹಬ್ಬ ಮುಗಿದ ಮೇಲೆ ಪ್ರದರ್ಶನ.

ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಢಮ್ಮೆಂದಿತು. ಸಟ್ಟುಗ ಹಿಡಿದೇ ಓಡಿದೆ. ಬೆಂಕಿಯ ನಡುವೆ ಗೂಳಿಯ ಹೊಟ್ಟೆ ಸಿಡಿದು ಬಾಯಿ ಬಿಟ್ಟಿತ್ತು. ಎದುರುಮನೆಯ ಯಜಮಾನರು ಕೋಲಿನಿಂದ ಅದನ್ನು ಇನ್ನೂ ಒಳಕ್ಕೆ ನೂಕುತ್ತಿದ್ದರು.

ಅವರ ಬನಿಯನ್ ಹಿಡಿದು ಜಗ್ಗಿದೆ. "ಯಾರನ್ನ ಕೇಳಿ ಸುಟ್ರಿ? ಕಣ್ಣು ಕಾಣಾಂಗಿಲ್ಲೇನ್ರೀ?"

"ಪಳಸು ದಾನೇ ಮಾ! ನೀಂಗದಾನೇ ವೆಳಿಯೇ ವೆಚ್ಚೀಂಗ!"

ಹಳೇದು ತಾನೇ, ನೀವೇ ಹೊರಗಿಟ್ಟಿರಿ ಎನ್ನುತ್ತಿದ್ದರು. ಸುಳ್ಳೇನಲ್ಲ, ಆದರೆ ಆಗ ಕೇಳುವ ತಾಳ್ಮೆ ಯಾರಿಗಿತ್ತು? ಬೀಸಿಯೇಬಿಟ್ಟೆ. ಸಟ್ಟುಗದ ಅಂಚಿಗೆ ಅವರ ಕಿವಿ ಹರಿದು ಬನಿಯನ್ನಿನ ಮೇಲೆ ರಕ್ತ ಇಳಿಯಿತು. ಎರಡನೇ ಏಟಿಗೂ ಕೈ ಎತ್ತಿದ್ದೆ.

ಅಷ್ಟರಲ್ಲಿ ಮಗಳು ನಮ್ಮಿಬ್ಬರ ನಡುವೆ ನುಗ್ಗಿ ಬೆಂಕಿಗೇ ಕೈ ಹಾಕಿದಳು. ಎರಡೂ ಕೊಂಬನ್ನು ಬರಿಗೈಯಲ್ಲಿ ಹಿಡಿದು ಎಳೆದಳು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು, ಅಯ್ಯೋ, ಆದರೂ ಗೂಳಿ ಹೊರಬರುವ ತನಕ ಹುಡುಗಿ ಬಿಡಲಿಲ್ಲ. ರಕ್ತ ಸುರಿಯುತ್ತಿದ್ದ ಆ ಮನುಷ್ಯನೇ ಅವಳ ತೋಳು ಹಿಡಿದು ಹಿಂದಕ್ಕೆಳೆದು, ಕೈಗಳನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿಸಿದರು. ನಾನು ಸಟ್ಟುಗ ಎತ್ತಿಕೊಂಡು ನಿಂತೇ ಇದ್ದೆ.

ಪ್ರದರ್ಶನದ ದಿನ ಗೂಳಿ ಕಾಲಿಲ್ಲದೆ, ಕಪ್ಪಗೆ, ಇಟ್ಟಿಗೆಗಳ ಮೇಲೆ ಕೂತಿತ್ತು. ಮಗಳು ಬರಹೇಳಿದ್ದಕ್ಕೆ ಎದುರುಮನೆಯವರು ಕಿವಿಗೆ ಪಟ್ಟಿ ಕಟ್ಟಿಕೊಂಡೇ ಶಾಲೆಗೆ ಬಂದಿದ್ದರು. ಮಗಳ ಅಂಗೈಗಳಿಗೆ ಬ್ಯಾಂಡೇಜು. ಪೆಡಲು ಯಾರು ತಿರುಗಿಸುತ್ತಾರೆ ಎಂದು ಟೀಚರ್ ಕೇಳಿದಾಗ ನಾನು ಸೆರಗು ಸಿಕ್ಕಿಸಿ ಮುಂದೆ ಬಂದೆ.

ನಾನು ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವ ಮಗಳು ಅಂದು ಕನ್ನಡದಲ್ಲಿ ಹೇಳಿದಳು: "ಅಮ್ಮಾ, ನೀ ಮುಟ್ಟಬ್ಯಾಡ. ಮುರೀತಿ."

ಆಮೇಲೆ ಎದುರುಮನೆಯವರನ್ನು ಕರೆದಳು. ಅವರು ಬಂದು ಮೆಲ್ಲಗೆ ಪೆಡಲು ತಿರುಗಿಸಿದರು. ಗೂಳಿ ಕರಕರ ಎನ್ನುತ್ತಾ ತಲೆ ಎತ್ತಿ, ನಾನು ನಿಂತಿದ್ದ ಕಡೆಗೇ ಗುದ್ದಿತು.