ಲೋಕಮ್ಮತ್ತೆಯ ಒಲೆ, ಅಮೀನಾಬಿಯ ಮೊಟ್ಟೆ

ಲೋಕಮ್ಮತ್ತೆ ಸೊಸೆಯನ್ನು ಕೊಂದಳು ಎಂದು ನಮ್ಮ ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ಅವರಲ್ಲಿ ಅರ್ಧ ಜನ ಅವಳನ್ನು ಕಣ್ಣಾರೆ ಕಂಡವರಲ್ಲ. ಉಳಿದರ್ಧ ಜನ ಅವಳ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಕೈ ತೊಳೆದವರು. ಇವರ ಬಾಯಿಗೆ ಬೀಗ ಹಾಕಲು ನನ್ನಿಂದಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕೇಳಿದ ಮೇಲೆ ಏನು ಬೇಕಾದರೂ ಅಂದುಕೊಳ್ಳಲಿ.

ಲೋಕಮ್ಮತ್ತೆ ನನ್ನ ಅಪ್ಪನ ಅಕ್ಕ. ಶಿಕಾರಿಪುರ ತಾಲ್ಲೂಕಿನಲ್ಲಿ, ಅಂಜನಾಪುರದ ಅಣೆಕಟ್ಟಿನ ನೀರು ಕಾಲುವೆಯಲ್ಲಿ ಬಂದು ಮುಟ್ಟುವ ಕಡೆ ನಮ್ಮ ಊರು. ಅವಳನ್ನು ಊರಲ್ಲೇ ಕೊಟ್ಟಿದ್ದರಿಂದ ಅವಳ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಂದು ಬೇಲಿ ಮಾತ್ರ. ಗಂಡ ಬೇಗ ಹೋದ. ಒಬ್ಬನೇ ಮಗ ಕೆಂಪಪ್ಪನನ್ನು ಕಟ್ಟಿಕೊಂಡು ಗದ್ದೆ ಮಾಡಿಸಿದಳು. ಕಾಲುವೆಯ ನೀರಿನ ಸರದಿಗಾಗಿ ಗಂಡಸರಿಗೆ ಎದುರಾಗಿ ನಿಂತು ಜಗಳವಾಡಿದಳು, ಗೆದ್ದಳು. ಬಾಯಿ ಜೋರು. ಆದರೆ ಯಾರ ಮನೆಯಲ್ಲಿ ಹೆರಿಗೆಯಾದರೂ, ಯಾರ ಮನೆಯಲ್ಲಿ ಸಾವಾದರೂ ಮೊದಲು ಹೊಸ್ತಿಲು ದಾಟಿ ಬರುತ್ತಿದ್ದವಳು ಅವಳೇ.

ನಮ್ಮದು ಲಿಂಗವಂತರ ಮನೆತನ. ಲೋಕಮ್ಮತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಲೆ ಸಾರಿಸಿದ ಮೇಲೆ ಲಿಂಗಕ್ಕೆ ಎಡೆ ಹಿಡಿಯುವ ಅನ್ನ ಮೊದಲು ಅದರ ಮೇಲೆ ಬೇಯಬೇಕು, ಉಳಿದದ್ದೆಲ್ಲ ಆಮೇಲೆ. ಅಕ್ಕಿ, ಬೇಳೆ, ಹಾಲು, ತರಕಾರಿ ಯಾರ ಕೈಯಿಂದ ಬಂದರೂ ಅವಳಿಗೆ ನಡೆಯುತ್ತಿತ್ತು. ಹಸಿ ಪದಾರ್ಥಕ್ಕೆ ಮೈಲಿಗೆಯಿಲ್ಲ. ಬೆಂಕಿ ಕಂಡ ಪದಾರ್ಥ ಮಾತ್ರ ನಮ್ಮವರ ಒಲೆಯಿಂದಲೇ ಇಳಿಯಬೇಕು. ಇದನ್ನು ಅವಳೇನೂ ಹುಟ್ಟಿಸಿದ್ದಲ್ಲ. ಊರಿಗೆ ಊರೇ ಹಾಗೆ ಬದುಕುತ್ತಿತ್ತು. ಬೇರೆಯವರಿಗೆ ಅದರಿಂದ ಏನೂ ಆಗಲಿಲ್ಲ, ಅವಳಿಗೆ ಆಯಿತು.

ಕೆಂಪಪ್ಪನಿಗೆ ಸೊರಬದ ಕಡೆಯ ಹೊಸಬಾಳೆಯಿಂದ ಹೆಣ್ಣು ತಂದರು. ವರದಮ್ಮ ಎಂದು ಹೆಸರು. ನನ್ನದೇ ವಯಸ್ಸು, ಸಣ್ಣ ಮೈಕಟ್ಟು, ದೊಡ್ಡ ನಗು. ಅತ್ತೆಯ ಜೋರು ಬಾಯಿಗೆ ಹೆದರದ ಹುಡುಗಿ ಅವಳೊಬ್ಬಳೇ. ‘ನಿಮ್ಮ ದನಿ ಕೇಳಿ ಕಾಲುವೆ ನೀರು ಹಿಂದಕ್ಕೆ ಹೋಗುತ್ತೆ ನೋಡಿ ಅತ್ತೆಮ್ಮ’ ಅನ್ನುತ್ತಿದ್ದಳು. ಅತ್ತೆ ಬೈಯುವಂತೆ ಬೈದು, ಒಳಗೆ ಹೋಗಿ ಅವಳ ಪಾಲಿನ ಮೊಸರಿನ ಮೇಲೆ ಕೆನೆ ಹಾಕಿಡುತ್ತಿದ್ದಳು. ನನಗೆ ಇದನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು.

ಐವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ವರದಮ್ಮ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲಿಲ್ಲ, ಸಂಜೆ ಸಂಜೆ ಜ್ವರ ಬಂತು, ಕೊನೆಗೆ ಸೆರಗಿನಲ್ಲಿ ರಕ್ತ ಕಂಡಿತು. ಶಿಕಾರಿಪುರದ ಡಾಕ್ಟರು ನೋಡಿ ಕ್ಷಯ ಎಂದರು. ಸೂಜಿ ಶುರು ಮಾಡಿದರು. ಸೂಜಿಯೊಂದೇ ಸಾಲದು, ಮೈಯಲ್ಲಿ ಕಸುವು ಬರಬೇಕು ಎಂದು ಲೋಕಮ್ಮತ್ತೆಯ ಕಡೆ ತಿರುಗಿ ಹೇಳಿದರು: “ಹಾಲು ಕೊಡಿ. ದಿನಾ ಎರಡು ಮೊಟ್ಟೆ ಬೇಯಿಸಿ ಕೊಡಿ. ನಿಮ್ಮಲ್ಲಿ ತಿನ್ನಲ್ಲ ಅಂತ ಗೊತ್ತು. ಹುಡುಗಿ ಬೇಕು ಅಂದ್ರೆ ಕೊಡಿ.”

ಹುಡುಗಿ ಬೇಕಾಗಿತ್ತು. ಅತ್ತೆ ಮನೆಗೆ ಬಂದು ಊಟ ಬಿಟ್ಟು ಕೂತಳು. ಆಮೇಲೆ ನಮ್ಮ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದಳು. “ಜೀವ ಉಳೀಬೇಕಲ್ಲೇ. ಕೊಳ್ಳಾಗಿನ ಲಿಂಗಪ್ಪ ಏನಂತಾನೋ ನಾನು ಸತ್ತ ಮ್ಯಾಲೆ ಕೇಳ್ಕಂತೀನಿ. ನಾಳೆ ಸಂತಿಗೆ ನನ್ನ ಜೊತಿ ಬಾ” ಅಂದಳು. ಮೊಟ್ಟೆಯ ಚಿಪ್ಪು ದಾರಿಯಲ್ಲಿ ಬಿದ್ದಿದ್ದರೆ ಸುತ್ತಿ ನಡೆಯುವವಳು ಅವಳು. ಊರಿನ ಯಾವ ಗಂಡಸಿಗೂ ಅಷ್ಟು ಧೈರ್ಯ ಇರಲಿಲ್ಲ.

ಶಿಕಾರಿಪುರದಲ್ಲಿ ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನ ಹೆಂಡತಿ ಅಮೀನಾಬಿ. ಹಿತ್ತಿಲು ತುಂಬ ಕೋಳಿ ಸಾಕಿದ್ದಳು. ವಿಷಯ ಕೇಳಿ ಅವಳೇ ಅಂದಳು: “ನಿಮ್ಮ ಮನೀಲಿ ಬೇಯಿಸಾಕ ಆಗಾಂಗಿಲ್ಲ, ನಂಗ ಗೊತ್ತೈತ್ರೀ. ಹುಡುಗೀನ ಇಲ್ಲೇ ಕರ್ಕಂಬರ್ರಿ. ಇಲ್ಲಾಂದ್ರ ಬೇಯಿಸಿ ಕಟ್ಟಿ ಕೊಡ್ತೀನಿ.”

“ಬ್ಯಾಡವ್ವ. ಹಸೀವೇ ಕೊಡು. ನಿನ್ನ ಒಲಿ ಮ್ಯಾಲೆ ಬೆಂದಿದ್ದು ನಮಗ ನಡಿಯಾಂಗಿಲ್ಲ” ಅಂದಳು ಅತ್ತೆ.

ಅಮೀನಾಬಿಗೆ ಬೇಜಾರಾಗಲಿಲ್ಲ. ಅಥವಾ ಆಗಿದ್ದರೂ ತೋರಿಸಲಿಲ್ಲ, ಅಂಥ ಮಾತು ಕೇಳಿ ಕೇಳಿ ಅವಳಿಗೆ ಅಭ್ಯಾಸವಾಗಿತ್ತು. ತೌಡು ತುಂಬಿದ ಬುಟ್ಟಿಯಲ್ಲಿ ಒಂದು ವಾರಕ್ಕಾಗುವಷ್ಟು ಮೊಟ್ಟೆ ಜೋಡಿಸಿ ಕೊಟ್ಟಳು.

ತನ್ನ ಒಲೆಯ ಮೇಲೂ ಬೇಯಿಸುವಂತಿಲ್ಲ, ಅವಳ ಒಲೆಯ ಮೇಲೂ ಬೇಯುವಂತಿಲ್ಲ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿದರೆ ಹೊಗೆ ಕಂಡು ಊರೇ ಬಂದು ಇಣುಕುತ್ತದೆ. ಈ ಇಕ್ಕಟ್ಟಿನಲ್ಲಿ ಅತ್ತೆಗೆ ದಾರಿ ತೋರಿಸಿದವನು ಮಗ. ಕೆಂಪಪ್ಪ ಮದುವೆಗೆ ಮುಂಚೆ ಗರಡಿಗೆ ಹೋಗುತ್ತಿದ್ದ. ಅಲ್ಲಿಯ ಹಳೆಯ ಪೈಲ್ವಾನ ಮಸ್ತಾನ್ ಸಾಬ್ ಬೆಳಗ್ಗೆ ಎದ್ದು ಹಸಿ ಮೊಟ್ಟೆ ಒಡೆದು ಬಾಯಿಗೆ ಸುರಿದುಕೊಳ್ಳುತ್ತಿದ್ದನಂತೆ. “ಬೇಯಿಸಿದ್ರ ಕಸುವೆಲ್ಲಾ ಬೆಂಕಿಗೆ ಹೋಗ್ತೈತಿ ಅಂತಾನವ್ವ ಅವ್ನು. ಹಸೀದ್ರಾಗೇ ಶಕ್ತಿ” ಅಂದ. ನಮಗೆ ಬೇಕಾದ ಮಾತನ್ನು ಯಾರು ಆಡಿದರೂ ಅವರು ಬಲ್ಲವರಾಗಿಬಿಡುತ್ತಾರೆ. ಡಾಕ್ಟರ ಮಾತು ಹಿಂದೆ ಬಿತ್ತು, ಪೈಲ್ವಾನನ ಮಾತು ನಿಂತಿತು. ಅತ್ತೆಯ ಮುಖದ ಗಂಟು ಸಡಿಲಾದದ್ದನ್ನು ನಾನು ನೋಡಿದೆ. ಹಸಿ ಅಂದ ಮೇಲೆ ಅದಕ್ಕೂ ಅಕ್ಕಿಗೂ ವ್ಯತ್ಯಾಸ ಇರಲಿಲ್ಲ ಅವಳಿಗೆ.

ಇನ್ನು ಅವಳ ಚೊಕ್ಕಟ. ಕೋಳಿಯ ಹಿಕ್ಕೆ ಅಂಟಿದ ಮೊಟ್ಟೆಯನ್ನು ಹಾಗೆಯೇ ಸೊಸೆಯ ಹಾಲಿಗೆ ಒಡೆಯಲು ಅವಳಿಗೆ ಸಾಧ್ಯವೇ? ಸಂತೆಯಿಂದ ಬಂದು, ಕತ್ತಲಾಗುತ್ತಲೇ ಬುಟ್ಟಿಯನ್ನು ಕಾಲುವೆಗೆ ಒಯ್ದು, ನಾರಿನಿಂದ ಒಂದೊಂದನ್ನೂ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಮೇಲುಗಡೆ ಊರಿನವರೆಲ್ಲ ಎಮ್ಮೆ ಮೈ ತೊಳೆಯುವ ನೀರು ಅದು. ಹರಿಯುವ ನೀರಿಗೆ ಕೊಳೆಯಿಲ್ಲ ಎಂದೇ ನಮ್ಮ ಲೆಕ್ಕ. ತೊಳೆದವನ್ನು ಮಡಕೆಗೆ ತುಂಬಿ, ಯಾರ ಕಣ್ಣಿಗೂ ಬೀಳದಂತೆ ಕೊಟ್ಟಿಗೆಯ ಅಟ್ಟದಲ್ಲಿ ಇಡುತ್ತಿದ್ದಳು. ಬೆಳಗ್ಗೆ ಎರಡನ್ನು ತಂದು, ಕೊಟ್ಟಿಗೆಯ ಹಿಂದೆ ಒಡೆದು, ಬಿಸಿಯಾರಿದ ಹಾಲಿನಲ್ಲಿ ಕಲಕಿ ಕೊಡುತ್ತಿದ್ದಳು.

ವರದಮ್ಮ ಮೂಗು ಹಿಡಿದು ಕುಡಿಯುತ್ತಿದ್ದಳು. ಆದರೆ ಮೈಗೆ ಹತ್ತಿತು, ಅದನ್ನು ಇಲ್ಲ ಎನ್ನಲಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಇಳಿದಿತ್ತು, ಕೆನ್ನೆ ತುಂಬಿತ್ತು, ಬಳೆ ಮತ್ತೆ ಬಿಗಿಯಾಗಿತ್ತು. ಅತ್ತೆಯನ್ನು ಕೆಣಕುವುದನ್ನೂ ಶುರುಮಾಡಿದ್ದಳು. ಆ ದಿನಗಳಲ್ಲೇ ಒಮ್ಮೆ, ನಾನು ಅಕ್ಕಿ ಆರಿಸುತ್ತ ಅಲ್ಲೇ ಕೂತಿದ್ದಾಗ ಕೇಳಿದಳು.

“ಅತ್ತೆಮ್ಮ, ಒಂದೇ ಒಂದ್ಸಲ ಬೇಯ್ಸಿ ಕೊಡ್ತೀರಾ? ಈ ಲೋಳೆ ಗಂಟಲಲ್ಲೇ ನಿಂತ್ಕಳುತ್ತೆ. ಡಾಕ್ಟ್ರೂ ಹಂಗೇ ಹೇಳಿದ್ರಲ್ಲ.”

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ನಿನಗಾಗಿ ನಾನು ಏನೇನು ಮುಟ್ಟಿದೀನಿ ಗೊತ್ತೇನವ್ವ? ನಮ್ಮತ್ತಿ ಕೊಟ್ಟು ಹೋದ ಒಲಿ ಇದು. ಇದೊಂದು ಬಿಟ್ಟು ಏನಾರ ಕೇಳು” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಂಡ ಹಾಗಿತ್ತು. ವರದಮ್ಮ ಮತ್ತೆ ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ಕೆಂಪಪ್ಪ ಹಗ್ಗ ಹೊಸೆಯುತ್ತಲೇ ಇದ್ದ. ಅವನ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ.

ಯುಗಾದಿ ಕಳೆದು ಬಿಸಿಲು ಏರಿತು. ಹೆಂಚಿನ ಕೆಳಗಿನ ಅಟ್ಟ ಹಗಲೆಲ್ಲ ಕಾಯುತ್ತಿತ್ತು. ಸಂತೆಗೆ ಇನ್ನೊಂದು ದಿನವಿದೆ ಎನ್ನುವಾಗ ಮಡಕೆಯ ತಳದಲ್ಲಿ ಉಳಿದಿದ್ದ ಎರಡು ಮೊಟ್ಟೆಯನ್ನು ಅತ್ತೆ ಒಡೆದಳು. ಕೆಟ್ಟ ವಾಸನೆಯಿರಲಿಲ್ಲ, ಬಣ್ಣವೂ ಸರಿಯಾಗಿತ್ತು. ಮೂಸಿ ನೋಡಿಯೇ ಕಲಕಿದಳು. ಮರುದಿನ ಬೆಳಗಾಗುವಾಗ ವರದಮ್ಮನಿಗೆ ಹೊಟ್ಟೆ ತೊಳಸಿತು, ವಾಂತಿ ಭೇದಿ ಎರಡೂ ಶುರುವಾದವು, ಮೈ ಕೆಂಡದಂತೆ ಸುಟ್ಟಿತು. ದೃಷ್ಟಿ ತೆಗೆದರು, ಕಷಾಯ ಕುಡಿಸಿದರು, ಕುಡಿಸಿದ್ದೆಲ್ಲ ಹೊರಗೆ ಬಂತು. ಸ್ವಲ್ಪ ತಾಳಿದರೆ ಇಳಿಯುತ್ತದೆ ಎಂದು ಕೆಂಪಪ್ಪ ಆ ದಿನ ಕಳೆದ. ಆಮೇಲೆ ಗಾಡಿ ಕಟ್ಟುವಾಗ ಒಳಗಿನಿಂದ ಅತ್ತೆಯ ಕೂಗು ಕೇಳಿತು. ಎತ್ತುಗಳನ್ನು ಬಿಚ್ಚಿದರು.

ಗುಟ್ಟು ಅದು ಹೇಗೋ ಹೊರಬಿದ್ದು, ಮೊಟ್ಟೆ ತಿಂದ ಪಾಪ ಎಂದು ಊರು ಆಡಿಕೊಂಡಿತು. ಅತ್ತೆಯೂ ಹಾಗೆಯೇ ನಂಬಿದ್ದರೆ ಎಷ್ಟೋ ಚೆನ್ನಾಗಿತ್ತು. ತಿಥಿ ಮುಗಿದ ಮೇಲೆ ನನ್ನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದಳು. “ನೀವು ಹೇಳಿದ್ದು ಒಂದಿನ ತಪ್ಪಿಸ್ಲಿಲ್ಲ ಸ್ವಾಮಿ. ಚೆಂದಾಗಿ ತೊಳದು, ಹಾಲಿನಾಗ ಹಸೀದೇ ಹಾಕಿ ಕೊಟ್ಟೆ. ನಾನು ಏನು ಕಡಿಮಿ ಮಾಡ್ದೆ?” ಎಂದು ಕೇಳಿದಳು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಎಲ್ಲಿ ತೊಳೆದಿರಿ, ಎಲ್ಲಿ ಇಟ್ಟಿರಿ ಎಂದು ಒಂದೊಂದೇ ಕೇಳಿದರು. ಆಮೇಲೆ ಮೆತ್ತಗೆ ಹೇಳಿದರು: “ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಪೊರೆ ಇರುತ್ತಮ್ಮ. ತೊಳೆದ್ರೆ ಅದು ಹೋಗುತ್ತೆ, ಕೊಳೆನೀರಿನ ವಿಷ ಒಳಗೆ ಇಳಿಯುತ್ತೆ, ಸೆಕೆಗೆ ಬೆಳೆಯುತ್ತೆ. ಮೂಸಿದ್ರೆ ಗೊತ್ತಾಗಲ್ಲ. ಗಟ್ಟಿ ಆಳಾದ್ರೆ ತಡ್ಕೊಳ್ತಾನೆ, ಇವಳು ಮೊದಲೇ ಸೋತಿದ್ದಳು.”

“ಹಸೀದ್ರಾಗ ಕಸುವು ಜಾಸ್ತಿ ಅಂದ್ರು…”

“ಇಲ್ಲಮ್ಮ. ಬೇಯಿಸಿದ್ದೇ ಮೈಗೆ ಹೆಚ್ಚು ಹತ್ತೋದು. ಬೇಯಿಸಿದ್ರೆ ಆ ವಿಷಾನೂ ಸಾಯುತ್ತಿತ್ತು.”

“ಬೇಯ್ಸಿದ್ರ ಉಳೀತಿದ್ಲಾ?”

ಡಾಕ್ಟರು ಮೇಜಿನ ಕಡೆ ನೋಡಿದರು. “ಎದೆ ವಾಸಿಯಾಗ್ತಾ ಬಂದಿತ್ತು” ಅಂದರು.

ಹೊರಗೆ ಬಂದ ಅತ್ತೆ ಬಸ್ಸಿನ ಕಡೆ ತಿರುಗಲಿಲ್ಲ. ನೆಟ್ಟಗೆ ಅಮೀನಾಬಿಯ ಮನೆಗೆ ನಡೆದಳು. ಇಷ್ಟು ವರ್ಷ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವಳು ಹೊಸ್ತಿಲು ದಾಟಿ ಒಳಗೆ ಹೋಗಿ, ಒಲೆಯ ಎದುರು ಕೂತಳು. “ಒಂದು ಮೊಟ್ಟಿ ಬೇಯ್ಸು” ಅಂದಳು. ಅಮೀನಾಬಿ ನನ್ನ ಮುಖ ನೋಡಿದಳು. ಒಲೆಗೆ ಪಾತ್ರೆ ಇಟ್ಟಳು. ನೀರು ಕುದಿಯುವವರೆಗೂ, ಕುದಿದ ಮೇಲೂ ಅತ್ತೆ ಅದನ್ನೇ ನೋಡುತ್ತಿದ್ದಳು. ಇಳಿಸಿ, ಸುಲಿದು, ಎಲೆಯ ಮೇಲಿಟ್ಟಾಗ ಎತ್ತಿ ಬಾಯಿಗಿಟ್ಟುಕೊಂಡಳು. ಓಕರಿಕೆ ಬಂತು. ಸೆರಗಿನಿಂದ ಬಾಯಿ ಒತ್ತಿ ಹಿಡಿದು ಪೂರ್ತಿ ನುಂಗಿದಳು. ನನಗೆ ಅಳು ತಡೆಯಲಾಗಲಿಲ್ಲ.

“ಎಷ್ಟೊತ್ತು ಬೇಯ್ಸಿದೆ ಅಮೀನಾ?”

“ಒಂದು ಎಲಿ ಅಡಿಕಿ ಜಗಿಯೋ ಹೊತ್ತು ರೀ. ಅಷ್ಟೇ.”

ಲೋಕಮ್ಮತ್ತೆ ನನ್ನ ಕಡೆ ತಿರುಗಿದಳು. “ಅಷ್ಟು ಹೊತ್ತು ಒಲಿ ಬಿಟ್ಟುಕೊಡಾಕ ನನ್ನ ಕೈಲಿ ಆಗ್ಲಿಲ್ಲಲ್ಲೇ” ಅಂದಳು.