ಅಶ್ವತ್ಥದ ಬುಡದ ಸುಳ್ಳು ಕಲ್ಲು

ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಫುಟ್‌ಪಾತಿನ ಮೇಲೆ, ಒಂದು ಹೋಟೆಲಿನ ಎದುರು, ಕುಕ್ಕರಗಾಲಿನಲ್ಲಿ ಕೂತು ಕಬ್ಬಿಣದ ಬೇಲಿಯ ತಳವನ್ನು ಬೆರಳಿನಿಂದ ತಡವುತ್ತಿದ್ದೆ. ಪಕ್ಕದಲ್ಲಿ ಮಗಳು ಫೋನು ಹಿಡಿದು ನಿಂತಿದ್ದಳು. "ಕೀ ಖುಂಜ್ಛೇನ್, ದಿದಿ?" ಏನು ಹುಡುಕುತ್ತಿದ್ದೀರಿ ಎಂದು ದಾರಿಹೋಕನೊಬ್ಬ ಕೇಳಿದ. ನಿಜ ಹೇಳಲು ಹೊರಟರೆ ಅರ್ಧ ದಿನ ಬೇಕು. ಕಿವಿಯೋಲೆ ಬಿದ್ದಿದೆ ಎಂದುಬಿಟ್ಟೆ. ಬೇರೆ ಊರಾಗಿದ್ದರೆ ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಿದ್ದರು. ಇಲ್ಲಿ ಅವನು ಬ್ಯಾಗು ಕೆಳಗಿಟ್ಟು ನನ್ನ ಪಕ್ಕ ಕೂತೇಬಿಟ್ಟ. ಅವನನ್ನು ನೋಡಿ ಹಣ್ಣಿನವನು ಬಂದ, ಹೋಟೆಲಿನ ದರ್ವಾನ ಬಂದ, ಓಲೆ ಯಾವ ಕಡೆ ಉರುಳಿರಬಹುದೆಂದು ಚರ್ಚೆ ಶುರುವಾಯಿತು. ಎರಡೂ ಕಿವಿಯಲ್ಲಿ ಓಲೆ ಇರುವುದು ಯಾರ ಕಣ್ಣಿಗಾದರೂ ಬಿದ್ದೀತೆಂದು ನಾನು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡೆ. ಮಗಳು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ನಾವು ಆಡುತ್ತಿದ್ದ ಆಟಕ್ಕೆ ಜಿಯೋಕ್ಯಾಶಿಂಗ್ ಎನ್ನುತ್ತಾರೆ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಫೋನು ಹಿಡಿದು ಹೋಗಿ ಹುಡುಕಬೇಕು, ಒಳಗಿನ ಚೀಟಿಯಲ್ಲಿ ಹೆಸರು ಬರೆಯಬೇಕು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ನನ್ನ ಗಂಡ ರೈಲ್ವೆಯವರು, ಗುರಿ ಇಲ್ಲದೆ ಯಾವುದೂ ಚಲಿಸಬಾರದೆಂದು ನಂಬಿದವರು. "ಬಿಸಲಾಗ ತಿರಗಿ ಚೀಟಿ ಮ್ಯಾಲ ಸಹಿ ಮಾಡಿ ಬರೂದು ಅಂದ್ರ ಅದು ನನ್ನ ಆಫೀಸಿನ ಕೆಲಸ ಆತಲ್ಲ," ಎಂದು ಮೂಗು ಮುರಿದರು. ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಾರ್ಕ್ ಸ್ಟ್ರೀಟಿನ ಡಬ್ಬಿ ಕೊನೆಗೂ ಸಿಕ್ಕಿತು. ಅದು ಬೇಲಿಗೆ ಬಡಿದಿದ್ದ ಒಂದು ಬೋಲ್ಟು. ಉಳಿದ ಬೋಲ್ಟುಗಳು ಎರಡು ಪಟ್ಟಿಗಳನ್ನು ಹಿಡಿದುಕೊಂಡಿದ್ದವು. ಇದೊಂದು ಏನನ್ನೂ ಹಿಡಿಯದೆ ಸುಮ್ಮನೆ ಅಂಟಿಕೊಂಡಿತ್ತು. ಎಳೆದರೆ ಅಯಸ್ಕಾಂತ, ತಿರುಗಿಸಿದರೆ ಒಳಗೆ ಪೊಳ್ಳು, ಪೊಳ್ಳಿನಲ್ಲಿ ಸುರುಳಿ ಸುತ್ತಿದ ಚೀಟಿ. ಅಂದಿನಿಂದ ಹುಡುಕುವ ಗುಟ್ಟು ನನಗೆ ತಿಳಿಯಿತು. ಡಬ್ಬಿಯನ್ನು ಹುಡುಕಬಾರದು, ಕೆಲಸವಿಲ್ಲದೆ ನಿಂತಿರುವುದನ್ನು ಹುಡುಕಬೇಕು. ಎಲ್ಲಿಗೂ ಹೋಗದ ಪೈಪು, ಬಾಗಿಲಿಲ್ಲದ ಕಡೆ ಚಿಲಕ, ಬೇಸಿಗೆಯಲ್ಲೂ ಗೋಡೆ ಬಿಡದ ಬಸವನಹುಳದ ಚಿಪ್ಪು, ಎಲ್ಲವೂ ಅನುಮಾನಾಸ್ಪದ. ಫೋನು ನಮ್ಮನ್ನು ಹತ್ತಿರಕ್ಕೆ ತಂದು ಬಿಡುತ್ತದೆ ಅಷ್ಟೇ. ಅಲ್ಲಿಂದ ಮುಂದೆ ಅದನ್ನು ಚೀಲಕ್ಕೆ ಹಾಕಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣಿನಿಂದ ನೋಡಬೇಕು. ಆ ಕಣ್ಣು ನನಗೆ ಹುಟ್ಟಿನಿಂದಲೇ ಇದೆ. ತಾಳ್ಮೆ ಮಾತ್ರ ಇಲ್ಲ, ಅದು ಮಗಳಿಗಿದೆ. ನಕಾಶೆಯಲ್ಲಿ ತೋರಿಸಿದ ಜಾಗವೇ ಸುಳ್ಳಾಗಿದ್ದು, ಒಗಟು ಬಿಡಿಸಿದ ಮೇಲೆ ಮಾತ್ರ ನಿಜವಾದ ಜಾಗ ಸಿಗುವ ಡಬ್ಬಿಗಳೂ ಇವೆ. ಅಂಥವನ್ನು ನಾನು ಅವಳಿಗೆ ಬಿಟ್ಟುಕೊಟ್ಟಿದ್ದೆ.

ದಕ್ಷಿಣೇಶ್ವರದ ಘಾಟಿನದು ಇನ್ನೂ ವಿಚಿತ್ರ. ಅಲ್ಲಿ ಡಬ್ಬಿಯೇ ಇಲ್ಲ. ನದಿ ಯಾವ ಕಡೆ ಹರಿಯುತ್ತಿದೆ ನೋಡಿ, ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ, ಕಂಡದ್ದನ್ನೂ ಅದರ ಕಾರಣವನ್ನೂ ಬರೆದು ಕಳಿಸಬೇಕು, ಅಷ್ಟೇ ಆಟ. ದೇವರ ದರ್ಶನದ ಆಸೆ ತೋರಿಸಿ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ಮಾವ ತೀರಿಕೊಂಡ ಮೇಲೆ ಅವರು ಧಾರವಾಡದಿಂದ ನಮ್ಮ ಬಾಲಿಗಂಜಿನ ಮನೆಗೆ ಬಂದಿದ್ದರು. ಬೆಳಿಗ್ಗೆ ಸಮುದ್ರದ ಕಡೆಗೆ ತೇಲಿಹೋದ ಅಂತರಗಂಗೆಯ ಹಸಿರು ಗೊಂಚಲುಗಳು ಮಧ್ಯಾಹ್ನ ಉಬ್ಬರ ಬಂದಾಗ ಒಂದೊಂದಾಗಿ ವಾಪಸು ಬರತೊಡಗಿದವು. ಅತ್ತೆ ಮೆಟ್ಟಿಲ ಮೇಲೆ ಕೂತು ನೋಡಿದರು. "ಗಂಗವ್ವ ಮನ್ಯಾಗ ಏನರ ಮರತ ಬಂದಾಳೇನ? ತಿರಗಿ ಹೊಂಟಾಳಲ್ಲ!" ಎಂದರು. ಮಗಳು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಉತ್ತರದ ಕೊನೆಗೆ ಸೇರಿಸಿದಳು. ಆಟ ಇಟ್ಟವರು ಅದನ್ನು ಒಪ್ಪಿಕೊಂಡರು.

ಹುಡುಕಿದ್ದು ಸಾಕು, ನಾನೇ ಒಂದನ್ನು ಇಡುತ್ತೇನೆ ಎಂದು ಮಗಳು ಹೊರಟಾಗ ನನಗೆ ಖುಷಿಯೂ ಆಯಿತು, ಅಳುಕೂ ಆಯಿತು. ಅಪ್ಪನ ವರ್ಗಾವಣೆಗಳಿಂದ ಅವಳು ಶಾಲೆಯ ಮೇಲೆ ಶಾಲೆ ಬದಲಾಯಿಸಿದ ಹುಡುಗಿ. ಹೊಸ ತರಗತಿಯಲ್ಲಿ ಯಾರ ಜೊತೆಗೂ ಜಗಳವಿಲ್ಲ, ಯಾರ ಗುಂಪಿನಲ್ಲೂ ಜಾಗವಿಲ್ಲ. ಅಪರಿಚಿತರು ಬಂದರೆ ನನ್ನ ಬೆನ್ನ ಹಿಂದೆ ಸರಿಯುತ್ತಿದ್ದಳು. "ಒಬ್ರು ಬಂದು ಹುಡುಕಿದ್ರೂ ಸಾಕು ಅಮ್ಮಾ. ಬಸ್, ಏಕ್," ಎಂದಳು. ಅವಳಿಗೆ ಬೇಕಾದದ್ದು ಡಬ್ಬಿಯಲ್ಲ, ತನ್ನನ್ನು ಹುಡುಕಿ ಬರುವ ಒಬ್ಬ ಮನುಷ್ಯ ಎಂದು ನನಗೆ ಗೊತ್ತಾಯಿತು.

ಅವಳು ಸುಳ್ಳು ಕಲ್ಲು ಮಾಡಿದಳು. ನನ್ನ ಹಿಟ್ಟು ಕಲಸುವ ಪರಾತದಲ್ಲಿ ಸಿಮೆಂಟು ಕಲಸಿ, ಬೋರಲು ಹಾಕಿದ ಬಟ್ಟಲಿನ ಮೇಲೆ ಬಳಿದು, ಮಣ್ಣು ಮೆತ್ತಿ, ಬಾಲ್ಕನಿಯಲ್ಲಿ ಒಣಗಿಸಿದಳು. ಮೇಲಿನಿಂದ ಅಪ್ಪಟ ಕಲ್ಲು, ಎತ್ತಿದರೆ ಒಳಗೆ ಟೊಳ್ಳು. ಆ ಟೊಳ್ಳಿಗೆ ಹೊಂದುವ ಒಂದು ಮಾತ್ರೆ ಡಬ್ಬಿ, ಅದರೊಳಗೆ ಚೀಟಿ. ಮುಚ್ಚಳ ಹಾಕಿ ಕೊಟ್ಟವರು ಅತ್ತೆ. ನನ್ನ ಪರಾತ ಹಾಳಾಯಿತೆಂದು ನಾನು ಕೂಗಾಡಿದೆ. ಕಲ್ಲು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ, ಅಷ್ಟು ಚೆನ್ನಾಗಿತ್ತು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಒಂದು ಹಳೆಯ ಕಾಂಪೌಂಡಿನ ಮೂಲೆಯಲ್ಲಿ ಅಶ್ವತ್ಥದ ಮರವಿದೆ. ಗಂಡಸರು ಗೋಡೆಗೆ ಮುಖ ಮಾಡಿ ನಿಲ್ಲುವ ಮೂಲೆ ಅದು, ಮೂಗು ಮುಚ್ಚಿಕೊಂಡೇ ದಾಟಬೇಕಿತ್ತು. ಅಲ್ಲಿ ಯಾರೂ ಕೈ ಹಾಕುವುದಿಲ್ಲವೆಂದು ಲೆಕ್ಕ ಹಾಕಿ, ಬೇರುಗಳ ನಡುವೆ ಕಲ್ಲನ್ನು ಇಟ್ಟು ಬಂದೆವು.

ಮಳೆಗಾಲವಿಡೀ ಯಾರೂ ಬರಲಿಲ್ಲ, ನಾವೂ ಆ ನಾತದ ಮೂಲೆಯ ಕಡೆ ಸುಳಿಯಲಿಲ್ಲ. ಶಾಲೆಯಿಂದ ಬಂದವಳೇ ಚಪ್ಪಲಿ ಬಿಚ್ಚುವ ಮೊದಲು ಫೋನು ನೋಡುತ್ತಿದ್ದಳು. ದುರ್ಗಾಪೂಜೆಯ ರಜಕ್ಕೆ ಮುಂಚೆ ಒಂದು ದಿನ ಕಿರುಚಿಕೊಂಡು ಅಡುಗೆಮನೆಗೆ ಬಂದಳು. ನಾಗಪುರದವನೊಬ್ಬ ಕೆಲಸದ ಮೇಲೆ ಕಲ್ಕತ್ತೆಗೆ ಬರುತ್ತಾನಂತೆ, ಭಾನುವಾರ ಬೆಳಿಗ್ಗೆ ಅವಳ ಡಬ್ಬಿ ಹುಡುಕುತ್ತೇನೆಂದು ಬರೆದಿದ್ದಾನೆ. ಚೀಟಿ ಒದ್ದೆಯಾಗಿದ್ದರೆ ಬದಲಾಯಿಸೋಣವೆಂದು ಆ ಸಂಜೆಯೇ ಇಬ್ಬರೂ ಹೋದೆವು.

ಕಲ್ಲು ಅಲ್ಲೇ ಇತ್ತು. ಆದರೆ ಅದರ ಮೈತುಂಬ ಸಿಂಧೂರ, ಕೊರಳಿಗೆ ಎನ್ನಬಹುದಾದ ಜಾಗದಲ್ಲಿ ಚೆಂಡುಹೂವಿನ ಹಾರ, ಮೇಲೆ ತಗಡಿನ ಚಾವಣಿ, ಎದುರಿಗೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಎದುರಿನ ಚಹಾದಂಗಡಿಯವನು ಮಹಿಮೆ ಹೇಳಿದ. ದೊಡ್ಡ ಮಳೆ ಬಂದುಹೋದ ಮರುದಿನ ಈ ಕಲ್ಲಿನ ಬುಡದಿಂದ ಕೆಂಪು ಒಸರಿತಂತೆ. ಇರುವೆಗಳು ಸಾಲುಗಟ್ಟಿ ಪ್ರದಕ್ಷಿಣೆ ಹಾಕಿದವಂತೆ. ಠಾಕುರ್, ಅಂದರೆ ದೇವರು, ತಾನಾಗಿಯೇ ಭೂಮಿಯಿಂದ ಎದ್ದು ಬಂದಿದ್ದಾನೆ ಎಂದು ಹೇಳಿ ಅವನು ಕೂಡ ಕೈಮುಗಿದ.

ಕೆಂಪು, ಇರುವೆ. ಮನೆಗೆ ಬಂದವಳೇ ಅತ್ತೆಯ ಎದುರು ನಿಂತೆ. "ಅತ್ತೀ, ಆ ಡಬ್ಬಿ ಮುಚ್ಚಿ ಕೊಟ್ಟಾವ್ರು ನೀವಽ ಅಲ್ಲ? ಅದರಾಗ ಏನರ ಹಾಕಿದ್ರ್ಯಾ?"

"ಹಾಕಲಾರದ ಬಿಡ್ತೀನೇನ? ಒಂದ್ ಚೂರು ಕಲ್ಲಸಕ್ಕರಿ, ಒಂದ್ ಅಡಿಕಿ, ಒಂದ್ ಪುಡಿಕಿ ಕುಂಕುಮ," ಎಂದರು ಅತ್ತೆ. "ಖಾಲಿ ಡಬ್ಬಿ ಯಾರರ ಮಂದಿ ಕೈಯಾಗ ಕೊಡ್ತಾರೇನ? ಹುಡುಕ್ಕೊಂತ ಬಂದಾವ್ರ ಬಾಯಿ ಸಿಹಿ ಆಗಬ್ಯಾಡ?"

ಡಬ್ಬಿಯಲ್ಲಿ ತಿನ್ನುವ ವಸ್ತು ಇಡಲೇಬಾರದು ಎನ್ನುವುದು ಈ ಆಟದ ಮೊದಲ ನಿಯಮ. ನೆರೆಮನೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಕೊನೆಗೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎನ್ನುವುದು ನಮ್ಮ ಮನೆಯ ಮೊದಲ ನಿಯಮ. ಅಡಿಕೆಯ ದೆಸೆಯಿಂದ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ನೀರು ಹೋಗಿ ಕುಂಕುಮ ಕರಗಿ ಹೊರಗೆ ಬಂದಿತ್ತು, ಸಕ್ಕರೆ ಇರುವೆಗಳನ್ನು ಕರೆದಿತ್ತು, ಉಳಿದದ್ದನ್ನು ಭಕ್ತರು ನೋಡಿಕೊಂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿ, ಅರ್ಧದಾರಿಯಲ್ಲಿ ನಗುವಾಗಿ, ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ. ಮಗಳು ನಗಲಿಲ್ಲ. "ಅಬ್ ಕೈಸೇ ಖೋಲೇಗಾ ವೋ? ಹೇಗೆ ತೆಗೀತಾನೆ ಅವ್ನು? ದೇವರನ್ನ ಎತ್ತಕ್ಕಾಗತ್ತಾ?" ಎಂದು ಅಳತೊಡಗಿದಳು. ಅದನ್ನು ಕಂಡು ಅತ್ತೆಯ ಮುಖ ಸಣ್ಣದಾಯಿತು. "ತಪ್ಪ ನಂದೈತಿ. ಅಲ್ಲಿ ಯಾರ ಹಿರೇರ ಇದ್ದಾರ, ಅವರ ಮುಂದ ನಾನಽ ಹೇಳ್ತೀನಿ," ಎಂದರು.

ಆ ಮೂಲೆಯ ಹಿರಿಯರು ಎದುರು ಮನೆಯ ಮೊದಲ ಮಹಡಿಯ ಮಾಶಿಮಾ. ಮಾಶಿಮಾ ಎಂದರೆ ಚಿಕ್ಕಮ್ಮ. ಕೇರಿಗೆಲ್ಲ ಅವರು ಚಿಕ್ಕಮ್ಮನೇ. ಇಡೀ ದಿನ ಕಿಟಕಿಯಲ್ಲಿ ಕೂತು ಬೀದಿ ಕಾಯುವವರು. ಮರುದಿನ ಮೂವರೂ ಅವರ ಮನೆಗೆ ಹೋದೆವು. ಅತ್ತೆ ಧಾರವಾಡದ ಮಾತಿನಲ್ಲಿ ತಪ್ಪೊಪ್ಪಿಗೆ ಹೇಳಿದರು, ಮಗಳು ಬಂಗಾಳಿಯಲ್ಲಿ ಒಪ್ಪಿಸಿದಳು, ಭಾನುವಾರ ಒಬ್ಬ ಹುಡುಕಿ ಬರುತ್ತಾನೆ, ಕಲ್ಲು ಎತ್ತಬೇಕಾಗುತ್ತದೆ ಎಂದೂ ಸೇರಿಸಿದಳು. ಮಾಶಿಮಾ ಕುಂಕುಮದವರೆಗೆ ಗಂಭೀರವಾಗಿ ಕೇಳಿದರು, ಕಲ್ಲುಸಕ್ಕರೆ ಬಂದಾಗ ನಗತೊಡಗಿದರು.

"ಆ ಕಲ್ಲು ಮೊದಲು ಇರಲಿಲ್ಲ ಅಂತ ನನಗೆ ಗೊತ್ತಿಲ್ಲವೇ? ಈ ಹುಡುಗಿ ತಂದಿಟ್ಟಿದ್ದನ್ನ ನಾನೇ ನೋಡಿದ್ದೀನಿ," ಎಂದರು. "ಆದರೆ ಕೇಳು. ಎಷ್ಟು ವರ್ಷದಿಂದ ಈ ಕಿಟಕಿ ತೆಗೆಯೋಕ್ಕಾಗ್ತಿರಲಿಲ್ಲ, ಅಷ್ಟು ನಾತ. ಬೈದೆ, ಬೋರ್ಡು ಹಾಕಿಸಿದೆ, ಮೇಲಿಂದ ನೀರು ಸುರಿದೆ. ಯಾರೂ ಕೇಳಲಿಲ್ಲ. ಠಾಕುರ್ ಬಂದ ಮೇಲೆ ಒಬ್ಬನೂ ಅಲ್ಲಿ ನಿಲ್ಲೋದಿಲ್ಲ. ಈಗ ನನ್ನ ಮನೆಗೆ ಊದುಬತ್ತಿ ಪರಿಮಳ ಬರುತ್ತೆ. ಜನರ ಎದುರಿಗೆ ಅದನ್ನ ಎತ್ತೋಕೆ ನಾನು ಬಿಡಲ್ಲ."

ಅವರು ಕೊಟ್ಟ ಸಂದೇಶ್ ಮಿಠಾಯಿ ತಿಂದು ತಲೆ ತಗ್ಗಿಸಿಕೊಂಡು ಬಂದೆವು. ನಾಗಪುರದವನಿಗೆ ಎಲ್ಲವನ್ನೂ ಬರೆದುಬಿಡು ಎಂದು ನಾನು ಮಗಳಿಗೆ ಹೇಳಿದೆ. "ಹೇಳಿಬಿಟ್ರೆ ಹುಡುಕಿದ ಹಾಗಾಗಲ್ಲ," ಎಂದು ಫೋನು ಮಗುಚಿಟ್ಟಳು. ಇವನಿಗೆ ಸಿಗದಿದ್ದರೆ ಆಟವೇ ಬೇಡವೆಂದಳು.

ಭಾನುವಾರ ಬೆಳಿಗ್ಗೆ ಮೂವರೂ ಚಹಾದಂಗಡಿಯ ಬೆಂಚಿನ ಮೇಲೆ ಮಣ್ಣಿನ ಕುಡಿಕೆ ಹಿಡಿದು ಕೂತಿದ್ದೆವು. ಬಚ್ಚಿಟ್ಟವರು ಹುಡುಕುವವರಿಗೆ ಮುಖ ತೋರಿಸುವ ವಾಡಿಕೆಯಿಲ್ಲ, ಹಾಗಾಗಿ ದಾರಿಹೋಕರ ಹಾಗೆ ನಟನೆ. ಅವನು ಬಂದ. ಮೂವತ್ತರ ಆಸುಪಾಸಿನ ದಪ್ಪ ಮನುಷ್ಯ, ಬೆನ್ನಿಗೆ ಚೀಲ, ಕೈಯಲ್ಲಿ ಫೋನು. ಪಳಗಿದ ಆಟಗಾರ ಎಂದು ನೋಡಿದ ಕೂಡಲೇ ಗೊತ್ತಾಯಿತು. ಮರವನ್ನು ಸುತ್ತಿದ, ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ ಬೇರುಗಳ ಸಂದಿ ನೋಡಿದ, ಕಾಂಪೌಂಡಿನ ಸಡಿಲ ಇಟ್ಟಿಗೆಗಳನ್ನು ಅಲುಗಾಡಿಸಿದ. ಎಲ್ಲಿಂದಲೋ ಕರೆ ಬಂದವನಂತೆ ಫೋನು ಕಿವಿಗಿಟ್ಟು ನಮ್ಮ ಬೆಂಚಿನ ಅಡಿಗೂ ಕಣ್ಣು ಹಾಯಿಸಿದ. ಕಲ್ಲಿನ ಎದುರಿಗೆ ಬಂದಾಗ ನಾನು ಬೆಂಚಿನ ಅಂಚಿಗೆ ಸರಿದೆ. ಅವನು ಒಂದು ಕ್ಷಣ ನಿಂತು, ಭಕ್ತಿಯಿಂದ ಕೈಮುಗಿದು, ಹಣೆ ಮುಟ್ಟಿಕೊಂಡು ಪಕ್ಕಕ್ಕೆ ಸರಿದ.

ಮಗಳು ಕುಡಿಕೆಯನ್ನು ಕೆಳಗಿಟ್ಟಳು. ಚಹಾ ಮುಟ್ಟಿರಲೇ ಇಲ್ಲ. ಅತ್ತೆ ಅವಳ ಕೈ ಹಿಡಿದುಕೊಂಡರು. ಅವನು ಇನ್ನೊಂದು ಸುತ್ತು ಹಾಕಿದ, ತಲೆ ಕೆರೆದುಕೊಂಡ, ಗಡಿಯಾರ ನೋಡಿದ, ಚೀಲ ಸರಿಮಾಡಿಕೊಂಡು ರಸ್ತೆಯ ಕಡೆ ಹೊರಟ. ಎದ್ದು ಹೋಗಿ ಅವನ ಕಾಲರು ಹಿಡಿದು ಎಳೆದು ತರಬೇಕೆನ್ನಿಸಿತು ನನಗೆ.

ಅಷ್ಟರಲ್ಲಿ ಮೇಲಿನ ಕಿಟಕಿ ದಡಾರನೆ ತೆರೆಯಿತು. "ಓ ಭಾಯ್!" ಜನರ ಎದುರಿಗೆ ಎತ್ತಲು ಬಿಡುವುದಿಲ್ಲ ಎಂದಿದ್ದ ಮಾಶಿಮಾನೇ, ಮೇಲಿನಿಂದ ಮಗಳ ಮುಖ ನೋಡಿ ಮನಸ್ಸು ಕರಗಿತೋ ಏನೋ, ತಮಗೆ ಗೊತ್ತಿದ್ದಷ್ಟು ಹಿಂದಿಯಲ್ಲಿ ಕೂಗುತ್ತಿದ್ದರು. "ಕಿಧರ್ ಜಾತಾ ಹೈ? ಇತನಾ ದೇರ್ ಸೇ ದೇಖತಾ ಹೈ, ಆಂಖ್ ನಹೀ ಹೈ? ಠಾಕುರ್ ಕೇ ನೀಚೇ ದೇಖೋ! ಪಹಲೇ ಜೂತಾ ಖೋಲೋ!"

ಇಡೀ ಬೀದಿ ತಿರುಗಿ ನೋಡಿತು. ಅವನು ಬೆಪ್ಪಾಗಿ ನಿಂತ. ದೇವರ ಕೆಳಗೆ ನೋಡು, ಮೊದಲು ಶೂ ಬಿಚ್ಚು ಎಂದು ಮಾಶಿಮಾ ಮತ್ತೊಮ್ಮೆ ಗದರಿದ ಮೇಲೆ ಶೂ ಬಿಚ್ಚಿದ, ಸಾಕ್ಸನ್ನೂ ಬಿಚ್ಚಿದ. ಚಹಾದಂಗಡಿಯವನು ಓಡಿಹೋಗಿ ಅವನ ಕೈಗೆ ನೀರು ಹಾಕಿದ. ಹಾರ ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈಯಿಂದ ಕಲ್ಲನ್ನು ಎತ್ತಿದ ಅವನು ಅದರ ಹೊಟ್ಟೆಯೊಳಗೆ ನೋಡಿ, "ಅರೇ ವಾಹ್!" ಎಂದು ಎಷ್ಟು ಜೋರಾಗಿ ನಕ್ಕನೆಂದರೆ ಮರದ ಕಾಗೆಗಳು ಎದ್ದು ಹಾರಿದವು. ಅತ್ತೆ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ. ಡಬ್ಬಿಯಲ್ಲಿ ಕೆಂಪು ಕೆಸರಾಗಿದ್ದ ಚೀಟಿಯನ್ನು ಅವನು ಬಿಡಿಸುತ್ತಿದ್ದ, ಹೆಸರು ಬರೆಯಲು ಒಣಗಿದ ಅಂಚೊಂದನ್ನು ಹುಡುಕುತ್ತಿದ್ದ.

ಪಕ್ಕಕ್ಕೆ ತಿರುಗಿದರೆ ಮಗಳು ಬೆಂಚಿನ ಮೇಲಿರಲಿಲ್ಲ. ಚಪ್ಪಲಿ ಬಿಟ್ಟು, ರಸ್ತೆ ದಾಟಿ, ಹೊಸ ಚೀಟಿ ಹಿಡಿದುಕೊಂಡು ಅವನ ಎದುರಿಗೆ ನಿಂತಿದ್ದಳು. ಅವನು ತಲೆಯೆತ್ತಿ, ಇಷ್ಟು ಚೆಂದದ ಕಲ್ಲು ಮಾಡಿದವರು ಯಾರೆಂದು ನಿನಗೆ ಗೊತ್ತೇ ಎಂದು ಕೇಳಿದ.

"ನಾನು," ಎಂದಳು.